ಪ್ರೋಬ್ ಇಟ್ಟವರು ಯಾರು?

ಕಳೆದ ತಿಂಗಳು ಒಂದು ಶುಕ್ರವಾರ, ಜುಮಾಗೆ ಬಿಡಲು ಇನ್ನು ಅರ್ಧ ಗಂಟೆ ಇರುವಾಗ, ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಸಣ್ಣ ಗಲಾಟೆಯಾಯಿತು. ವಿಜ್ಞಾನ ಪ್ರದರ್ಶನಕ್ಕೆ ತಯಾರಾಗುತ್ತಿದ್ದ ಹುಡುಗಿಯರ ತಂಡ ಮೂಲೆಯ ಲಿನಕ್ಸ್ ಯಂತ್ರದ ಮುಂದೆ ಕೂತಿತ್ತು. ಬರೆದುಕೊಂಡು ಬಂದಿದ್ದ ಕಮಾಂಡನ್ನು ಅವರು ಎಷ್ಟು ಸಲ ಕೊಟ್ಟರೂ ಒಂದೇ ಉತ್ತರ: ‘ಡಿವೈಸ್ ಆರ್ ರಿಸೋರ್ಸ್ ಬಿಝಿ’. ಯಂತ್ರ ಹಾಳಾಗಿದೆ ಎಂದರು ಒಬ್ಬರು, ವೈರಸ್ ಇರಬೇಕು ಎಂದರು ಇನ್ನೊಬ್ಬರು. ಕೊನೆಗೆ ಮೇಡಂ ಬಂದು ಹುಡುಕಿದಾಗ ಸಿಕ್ಕಿದ್ದು, ಎರಡು ದಿನದ ಹಿಂದೆ ಯಾರೋ ಇಟ್ಟು ಮರೆತಿದ್ದ ಒಂದು ಪ್ರೋಬ್. ಆ ಯಾರೋ ನಾನೇ.

ಅಂದಿನಿಂದ ಆ ಯಂತ್ರದ ರೂಟ್ ಪಾಸ್‌ವರ್ಡನ್ನು ವಿದ್ಯಾರ್ಥಿಗಳಿಗೆ ಕೊಡುವುದು ನಿಂತಿದೆ. ತಪ್ಪು ನನ್ನದು, ಆ ತಂಡದವರಲ್ಲಿ ಕ್ಷಮೆಯನ್ನೂ ಕೇಳಿದ್ದೇನೆ. ಆದರೂ ಬೀಗ ಹಾಕುವುದು ಇದಕ್ಕೆ ಮದ್ದಲ್ಲ ಎಂಬುದು ನನ್ನ ಅಭಿಪ್ರಾಯ. ‘ಹಾಗಾದರೆ ಏನು ಮಾಡಬೇಕು, ಬರೆದು ತೋರಿಸು’ ಎಂದರು ಮೇಡಂ.

ಮೊದಲು ಪ್ರೋಬ್ ಅಂದರೇನು ಎಂದು ಹೇಳುತ್ತೇನೆ. ನಮ್ಮ ಪ್ರೋಗ್ರಾಂ ಒಂದು ಫೈಲ್ ಓದುವಾಗ ಕರ್ನಲ್ ಒಳಗೆ ‘ವಿಎಫ್‌ಎಸ್ ರೀಡ್’ ಎಂಬ ಫಂಕ್ಷನ್ ಓಡುತ್ತದೆ. ಅದು ಯಾವಾಗ, ಯಾರಿಗಾಗಿ ಓಡಿತು ಎಂದು ನೋಡಬೇಕಾದರೆ ಕರ್ನಲ್ ಸೋರ್ಸಿಗೆ ಒಂದು ಸಾಲು ಸೇರಿಸಿ, ಕಂಪೈಲ್ ಮಾಡಿ, ರೀಬೂಟ್ ಮಾಡಬಹುದು. ಕರ್ನಲ್ ಬರೆದವರೇ ಮೊದಲೇ ಇಟ್ಟಿರುವ ಟ್ರೇಸ್‌ಪಾಯಿಂಟುಗಳೂ ಇವೆ, ಆದರೆ ಅವರಿಗೆ ಬೇಕೆನಿಸಿದ ಜಾಗಗಳಲ್ಲಿ ಮಾತ್ರ. ಡೈನಾಮಿಕ್ ಈವೆಂಟ್ ಹಾಗಲ್ಲ. ಯಂತ್ರ ಓಡುತ್ತಿರುವಾಗಲೇ, ನಮಗೆ ಬೇಕಾದ ಫಂಕ್ಷನ್ನಿನ ಮೇಲೆ ಕಾವಲು ಕೂರಿಸಬಹುದು. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಇದರ ಮೂಲ ಉಪಾಯ ಸರಳ. ಆಯ್ದ ಸೂಚನೆಯ ಮೊದಲ ಬೈಟನ್ನು ತೆಗೆದಿಟ್ಟು ಅಲ್ಲೊಂದು ಬ್ರೇಕ್‌ಪಾಯಿಂಟ್ ಕೂರಿಸುತ್ತಾರೆ. ಪ್ರೊಸೆಸರ್ ಅಲ್ಲಿ ಎಡವಿದಾಗ ವಿವರ ಬರೆದುಕೊಂಡು, ಮೂಲ ಸೂಚನೆಯನ್ನು ನಡೆಸಿ ಮುಂದೆ ಕಳಿಸುತ್ತಾರೆ. (ಕೆಲವು ಫಂಕ್ಷನ್ನುಗಳ ಮೇಲೆ ಪ್ರೋಬ್ ಇಡಲು ಕರ್ನಲ್ ಬಿಡುವುದಿಲ್ಲ. ಪ್ರೋಬಿನ ಕೆಲಸಕ್ಕೇ ಅವು ಬೇಕು. ಕಾವಲುಗಾರನಿಗೆ ಕಾವಲಿಟ್ಟರೆ ಅದಕ್ಕೆ ಕೊನೆಯೆಲ್ಲಿ?)

ಕರ್ನಲ್ಲಿನ ‘ಕೆಪ್ರೋಬ್ಸ್’ ಫೈಲನ್ನು ತೆರೆದು ನೋಡಿ. ಮೇಲ್ಗಡೆಯೇ ಹೆಸರುಗಳಿವೆ: 2002ರ ಅಕ್ಟೋಬರಿನಲ್ಲಿ ಮೊದಲ ರೂಪ ಬರೆದವರು ವಂಸಿ ಕೃಷ್ಣ ಎಸ್., 2004ರಲ್ಲಿ ಒಂದು ಭಾಗ ಸೇರಿಸಿದವರು ಸುಪರ್ಣಾ ಭಟ್ಟಾಚಾರ್ಯ. ಇಬ್ಬರೂ ಐಬಿಎಂ ಕಂಪನಿಯ ಭಾರತ ವಿಭಾಗದಲ್ಲಿದ್ದವರು. ಆಮೇಲೆ ರಿಟರ್ನ್ ಪ್ರೋಬ್ ಸೇರಿಸಿದವರಲ್ಲಿ ಪ್ರಸನ್ನ ಎಸ್. ಪಂಚಮುಖಿ ಒಬ್ಬರು. ಯಾರು, ಯಾವಾಗ, ಏನು ಮಾಡಿದರು ಎಂಬುದು ಇಪ್ಪತ್ತು ವರ್ಷ ಕಳೆದರೂ ಅಲ್ಲಿದೆ.

ಓಡುತ್ತಿರುವ ಕರ್ನಲ್ಲಿನಲ್ಲಿ ಈ ಸೌಕರ್ಯ ಇಲ್ಲ. ನಾವು ಹುಟ್ಟಿಸುವ ಎಲ್ಲ ಬಗೆಯ ಈವೆಂಟುಗಳನ್ನೂ ಒಂದೇ ಕಡೆ ನೋಡಲು, ತೆಗೆಯಲು 2019ರ ಲಿನಕ್ಸ್ 5.0ರಲ್ಲಿ ‘ಡೈನಾಮಿಕ್ ಈವೆಂಟ್ಸ್’ ಎಂಬ ಫೈಲ್ ಬಂತು. ಅದನ್ನು ಓದಿದರೆ ಯಾವ ಫಂಕ್ಷನ್ ಮೇಲೆ ಯಾವ ಹೆಸರಿನ ಪ್ರೋಬ್ ಇದೆ ಎಂದು ಸಾಲುಸಾಲಾಗಿ ಬರುತ್ತದೆ. ಇಟ್ಟವರು ಯಾರೆಂದು ಬರುವುದಿಲ್ಲ. ನಾನು ಇಟ್ಟ ಹೆಸರು ‘ಟೆಸ್ಟ್’. ಇದರಿಂದ ಮೇಡಂಗೆ ಏನು ಗೊತ್ತಾಗಬೇಕು?

ಆ ದಿನ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೂರು ಪಾಠಗಳೂ ಅದರಲ್ಲೇ ಇವೆ. ನಾನು ಮೊದಲು ನನ್ನ ಈವೆಂಟನ್ನು ಮುಖ್ಯ ಬಫರಿನಲ್ಲಿ ಆನ್ ಮಾಡಿ ನೋಡಿದೆ. ಆಮೇಲೆ ‘ಇನ್‌ಸ್ಟನ್ಸ್’ ಎಂಬ ಪ್ರತ್ಯೇಕ ಬಫರ್ ಮಾಡಿಕೊಂಡು ಅಲ್ಲೂ ಆನ್ ಮಾಡಿದೆ. ಹೊರಡುವಾಗ ಮುಖ್ಯ ಜಾಗದಲ್ಲಿ ಸೊನ್ನೆ ಬರೆದು ಎದ್ದೆ. ಇನ್‌ಸ್ಟನ್ಸ್ ಒಳಗೆ ಅದು ಒಂದಾಗಿಯೇ ಉಳಿಯಿತು. ಎಲ್ಲಿಯಾದರೂ ಒಂದು ಕಡೆ ಆನ್ ಆಗಿರುವ ಈವೆಂಟನ್ನು ತೆಗೆಯಲು ಕರ್ನಲ್ ಒಪ್ಪುವುದಿಲ್ಲ. ಮುಖ್ಯ ಜಾಗದಲ್ಲಿ ಹುಡುಕಿದವರಿಗೆ ಸೊನ್ನೆಯೇ ಕಂಡಿತು, ಆದರೂ ‘ಬಿಝಿ’.

ಹುಡುಗಿಯರ ಕಮಾಂಡಿನಲ್ಲೂ ಒಂದು ಎಡವಟ್ಟಿತ್ತು. ಆ ಫೈಲಿಗೆ ಎರಡು ಬಾಣದ ಗುರುತಿನಿಂದ ಬರೆದರೆ ಹೊಸ ಈವೆಂಟ್ ಕೊನೆಗೆ ಸೇರುತ್ತದೆ. ಒಂದೇ ಬಾಣದಿಂದ ಬರೆದರೆ ಕರ್ನಲ್ ಮೊದಲು ಎಲ್ಲರ ಈವೆಂಟುಗಳನ್ನೂ ಅಳಿಸಲು ಹೊರಡುತ್ತದೆ. ಒಂದೇ ಒಂದು ಬಿಝಿ ಇದ್ದರೂ ಯಾವುದನ್ನೂ ಮುಟ್ಟದೆ ಹಿಂದಿರುಗುತ್ತದೆ. ಅವರು ಒಂದೇ ಬಾಣ ಹಾಕಿದ್ದರು. ನನ್ನ ಮರೆವು ಅವರನ್ನು ತಡೆಯಿತು. ನಾನು ಮರೆಯದಿದ್ದರೆ ಆ ಕಮಾಂಡ್ ಇನ್ಯಾರದೋ ಪ್ರೋಬನ್ನು ಸದ್ದಿಲ್ಲದೆ ಅಳಿಸುತ್ತಿತ್ತು.

ಮೂರನೆಯದೇ ನನಗೆ ಹೆಚ್ಚು ನೋವು ಕೊಟ್ಟದ್ದು. ಮೇಡಂ ನನ್ನ ಈವೆಂಟನ್ನು ತೆಗೆದ ಕ್ಷಣ, ಆ ತಂಡ ಬೆಳಿಗ್ಗೆ ಮುಖ್ಯ ಬಫರಿನಲ್ಲಿ ಕೂಡಿಸಿದ್ದ ರೀಡಿಂಗ್ ಪೂರ್ತಿ ಖಾಲಿಯಾಯಿತು. ಇದು ಕರ್ನಲ್ಲಿನ ತಪ್ಪಲ್ಲ. ಪ್ರತಿ ಈವೆಂಟಿಗೂ ಒಂದು ಸಂಖ್ಯೆ ಇರುತ್ತದೆ, ಬಫರಿನ ದಾಖಲೆಯಲ್ಲಿ ಇರುವುದೂ ಆ ಸಂಖ್ಯೆಯೇ. ಈವೆಂಟ್ ಹೋದ ಮೇಲೆ ಅದೇ ಸಂಖ್ಯೆ ಹೊಸ ಈವೆಂಟಿಗೆ ಸಿಗಬಹುದು. ಆಗ ಹಳೆಯ ದಾಖಲೆಯನ್ನು ಹೊಸದರ ಲೆಕ್ಕದಲ್ಲಿ ಓದಿ ಸುಳ್ಳು ಉತ್ತರ ಬರುತ್ತದೆ. ಅದಕ್ಕೇ ಆ ಈವೆಂಟ್ ಎಂದಾದರೂ ಆನ್ ಆಗಿದ್ದ ಬಫರುಗಳನ್ನೆಲ್ಲ ಕರ್ನಲ್ ತೊಳೆದುಬಿಡುತ್ತದೆ. ನಾನು ಮುಖ್ಯ ಬಫರಿನಲ್ಲಿ ಐದು ನಿಮಿಷ ಆನ್ ಮಾಡಿದ್ದೇ ಸಾಕಾಯಿತು.

‘ರೀಬೂಟ್ ಮಾಡಿದರೆ ಎಲ್ಲ ಹೋಗುತ್ತದಲ್ಲ’ ಎಂದು ಹಲವರು ಕೇಳಿದರು. ಹೋಗುತ್ತದೆ. ಆದರೆ ಅಂದು ಅದೇ ಯಂತ್ರದಲ್ಲಿ ಇನ್ನೊಂದು ತಂಡದ ಮೂರು ದಿನದ ಅಳತೆ ಓಡುತ್ತಿತ್ತು. ಬ್ಯಾಂಕಿನ ಸರ್ವರಿನ ಮುಂದೆ ಕೂತವರು ಈ ಮಾತನ್ನು ಬಾಯಿಬಿಟ್ಟು ಹೇಳಲೂ ಆಗದು.

ರೂಟ್ ಅಧಿಕಾರದ ಬಗ್ಗೆ ಮೇಡಂಗೆ ಇರುವ ಅಂಜಿಕೆ ಸಣ್ಣದಲ್ಲ ಎಂಬುದನ್ನೂ ಒಪ್ಪುತ್ತೇನೆ. ಪ್ರೋಬಿನಿಂದ ಬೇರೆಯವರು ತೆರೆದ ಫೈಲಿನ ಹೆಸರನ್ನೂ ನೋಡಬಹುದು. ಆದ್ದರಿಂದ ನಾನು ಕೇಳುತ್ತಿರುವುದು ಮೂಲೆಯ ಆ ಒಂದು ಯಂತ್ರವನ್ನು ಮಾತ್ರ, ಅದರಲ್ಲಿ ಯಾರ ಸ್ವಂತ ಖಾತೆಯೂ ಇರಬಾರದು. ಇದಕ್ಕೆ ಪ್ರತಿಯಾಗಿ ನಮ್ಮ ಕಡೆಯಿಂದ ನಿಯಮಗಳಿರಲಿ. ಈವೆಂಟಿಗೆ ಗುಂಪಿನ ಹೆಸರು ಕೊಡಲು ಕರ್ನಲ್ ಅವಕಾಶ ಕೊಟ್ಟಿದೆ, ಅಲ್ಲಿ ರೋಲ್ ನಂಬರ್ ಹಾಕೋಣ. ಹೆಸರು ಅಂಕಿಯಿಂದ ಶುರುವಾಗುವಂತಿಲ್ಲ, ಮುಂದೆ ಒಂದು ಅಕ್ಷರ ಸೇರಿಸಿದರಾಯಿತು. ಮುಖ್ಯ ಬಫರನ್ನು ಯಾರೂ ಮುಟ್ಟದೆ ಪ್ರತಿಯೊಬ್ಬರೂ ತಮ್ಮದೇ ಇನ್‌ಸ್ಟನ್ಸಿನಲ್ಲಿ ಕೆಲಸ ಮಾಡಲಿ. ಎರಡು ಬಾಣವನ್ನೇ ಬಳಸಲಿ. ಏಳುವ ಮುನ್ನ ರೀಡಿಂಗನ್ನು ಬೇರೆ ಫೈಲಿಗೆ ಉಳಿಸಿ, ಈವೆಂಟ್ ಆಫ್ ಮಾಡಿ, ಇನ್‌ಸ್ಟನ್ಸ್ ಅಳಿಸಿ, ತಮ್ಮ ಈವೆಂಟನ್ನು ಮಾತ್ರ ಹೆಸರು ಹಿಡಿದು ತೆಗೆಯಲಿ. ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ‘ಒಳಬಂದ ಸಮಯ’, ‘ಹೊರಹೋದ ಸಮಯ’ದ ಪಕ್ಕ ‘ಪ್ರೋಬ್ ತೆಗೆದಿದೆ’ ಎಂಬ ಕಾಲಂ ಒಂದು ಬರಲಿ.

‘ಆಪರೇಟಿಂಗ್ ಸಿಸ್ಟಂನ ಕಾರ್ಯಗಳು’ ಎಂಬ ಪ್ರಶ್ನೆಗೆ ನಾವೆಲ್ಲ ಬಾಯಿಪಾಠದ ಉತ್ತರ ಬರೆಯುತ್ತೇವೆ. ಅದು ನಿಜಕ್ಕೂ ಓಡುವುದನ್ನು ನಾನು ನೋಡಿದ್ದು ಆ ಮೂಲೆಯ ಯಂತ್ರದಲ್ಲಿ. ರಿಜಿಸ್ಟರಿಗೆ ಹೊಸ ಕಾಲಮಿನ ಗೆರೆಯನ್ನು ಸ್ಕೇಲ್ ಇಟ್ಟು ಎಳೆದು ಮೇಡಂ ಮೇಜಿನ ಮೇಲಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ನನ್ನದೇ ರೋಲ್ ನಂಬರ್ ಇದೆ, ಅವರ ಸಹಿಯ ಜಾಗ ಇನ್ನೂ ಖಾಲಿಯಿದೆ.