ತೂಬು ಎತ್ತಿದರೆ ಸಾಲದು

ಹೊನ್ನಾಳಿಯಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರ ಪತ್ರ: “ನನ್ನ ಪ್ರಾಜೆಕ್ಟ್ ಕಡತಗಳನ್ನು ಅಣ್ಣನ ಕಂಪ್ಯೂಟರಿನ ಷೇರ್ ಮಾಡಿದ ಫೋಲ್ಡರಿಗೆ ಬ್ಯಾಕಪ್ ಮಾಡಲು ಹೋದರೆ ‘ಆಕ್ಸೆಸ್ ಈಸ್ ಡಿನೈಡ್’ ಎಂದು ಬರುತ್ತದೆ. ಫೋಲ್ಡರ್ ಕಾಣುತ್ತದೆ, ಅದರೊಳಗಿನದನ್ನು ಓದಬಹುದು, ಬರೆಯಲು ಮಾತ್ರ ಬಿಡುವುದಿಲ್ಲ. ‘ಎವೆರಿವನ್’ಗೆ ‘ಫುಲ್ ಕಂಟ್ರೋಲ್’ ಕೊಟ್ಟುಬಿಡು ಎನ್ನುತ್ತಾಳೆ ಗೆಳತಿ. ಕೊಡಲೇ?”

ಬೇಡ. ಕಾರಣ ಆಮೇಲೆ ಹೇಳುತ್ತೇನೆ. ತಡೆ ಎಲ್ಲಿದೆಯೆಂದು ಮೊದಲು ನೋಡೋಣ.

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಹಳಬರ ಬಾಯಲ್ಲಿ ಸೂಳೆಕೆರೆ, ನಿಮಗೆ ಗೊತ್ತಿರುವುದೇ. ಕೆರೆಯ ತೂಬು ಎತ್ತಿದ ಮಾತ್ರಕ್ಕೆ ಗದ್ದೆಗೆ ನೀರು ಬಂದೀತೆ? ಬದುವಿನ ಕಂಡಿಯನ್ನೂ ಬಿಡಿಸಬೇಕು. ಎರಡರಲ್ಲಿ ಯಾವುದು ಕಿರಿದೋ ಅದು ಬಿಟ್ಟಷ್ಟೇ ನೀರು. ವಿಂಡೋಸಿನಲ್ಲೂ ಅಷ್ಟೆ. ಜಾಲದ ಮೂಲಕ ಬರುವವರಿಗೆ ‘ಷೇರಿಂಗ್’ ಪುಟದಲ್ಲಿ ಒಂದು ಅನುಮತಿ, ಡಿಸ್ಕಿನ ಮೇಲಿನ ಆ ಫೋಲ್ಡರಿಗೆ ‘ಸೆಕ್ಯುರಿಟಿ’ ಪುಟದಲ್ಲಿ ಇನ್ನೊಂದು. ಎರಡೂ ಒಪ್ಪಿದ್ದಕ್ಕೆ ಮಾತ್ರ ದಾರಿ. ‘ಅಡ್ವಾನ್ಸ್ಡ್ ಷೇರಿಂಗ್’ ಮೂಲಕ ಫೋಲ್ಡರ್ ಹಂಚಿದಾಗ ವಿಂಡೋಸ್ ತಾನಾಗಿ ಕೊಡುವುದು ಓದುವ ಹಕ್ಕನ್ನಷ್ಟೆ. ಈಕೆ ಓದಬಲ್ಲರು, ಬರೆಯಲಾರರು ಎಂದರೆ ನನ್ನ ಗುಮಾನಿ ಇದರ ಮೇಲೆಯೇ.

ಅಣ್ಣನ ಕಂಪ್ಯೂಟರಿನಲ್ಲಿ ಬ್ಯಾಕಪ್ಪಿಗೆಂದೇ ಹೊಸ ಖಾತೆ ತೆರೆಯಿರಿ. ಪಾಸ್‌ವರ್ಡ್ ಕಡ್ಡಾಯ. ಆ ಖಾತೆಗೆ ಷೇರಿಂಗ್‌ನಲ್ಲಿ ‘ಚೇಂಜ್’, ಸೆಕ್ಯುರಿಟಿಯಲ್ಲಿ ‘ಮಾಡಿಫೈ’ ಕೊಡಿ. ಲ್ಯಾಪ್‌ಟಾಪ್ ಹೆಸರು ಕೇಳಿದಾಗ ಮೊದಲು ಅಣ್ಣನ ಕಂಪ್ಯೂಟರಿನ ಹೆಸರು, ನಂತರ ಹಿಂಬಾಗಿದ ಗೆರೆ, ಆಮೇಲೆ ಖಾತೆಯ ಹೆಸರು ಬರೆಯಿರಿ. ನಾಲ್ಕಂಕಿಯ ಪಿನ್ ಇಲ್ಲಿ ನಡೆಯದು. ಅದು ಆ ಯಂತ್ರದ ಮುಂದೆ ಕುಳಿತವರಿಗಷ್ಟೆ. ಇಷ್ಟಾದರೂ ಬಿಡದಿದ್ದರೆ ಲ್ಯಾಪ್‌ಟಾಪ್ ಹಳೆಯ ಹೆಸರಿನ ಸಂಪರ್ಕವನ್ನೇ ಹಿಡಿದುಕೊಂಡಿರಬಹುದು. ಒಂದೇ ಕಂಪ್ಯೂಟರಿಗೆ ಏಕಕಾಲಕ್ಕೆ ಎರಡು ಹೆಸರಿನಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿ.

ಇನ್ನು ಗೆಳತಿಯ ಸಲಹೆ. ನಮ್ಮ ಪಹಣಿಯನ್ನೇ ನೋಡಿ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕೀಕೃತವಾದಾಗ ಅದರ ಪ್ರತಿ ಯಾರು ಬೇಕಾದರೂ ಪಡೆಯುವಂತಾಯಿತು. ತಿದ್ದುವ ಹಕ್ಕು ಮಾತ್ರ ಬೆರಳಚ್ಚು ಕೊಟ್ಟು ಒಳಹೋಗುವ ಅಧಿಕಾರಿಗಳಿಗೇ ಉಳಿಯಿತು. ಬ್ಯಾಕಪ್ ಫೋಲ್ಡರಿಗೂ ಅಷ್ಟು ಬಿಗಿ ಬೇಕು. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ‘ವಾನಾಕ್ರೈ’ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥ ಪೀಡೆ ಮನೆಯ ಒಂದು ಕಂಪ್ಯೂಟರಿಗೆ ಹೊಕ್ಕರೂ ಸಾಕು, ಎಲ್ಲರಿಗೂ ತೆರೆದಿಟ್ಟ ಬ್ಯಾಕಪ್ಪನ್ನೂ ಸೇರಿಸಿಯೇ ಹಾಳುಗೆಡವುತ್ತದೆ. ತಂದೆತಾಯಂದಿರಲ್ಲಿ ಒಂದು ಮನವಿ: ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಕೊಡಿಸಿ. ವಾರಕ್ಕೊಮ್ಮೆ ಪ್ರತಿ ಮಾಡಿ, ಕೇಬಲ್ ಕಳಚಿ, ಬೀರುವಿನಲ್ಲಿಡಿ.

ನ್ಯಾಮತಿಯ ಓದುಗರೊಬ್ಬರು ಹೊಸ ಲ್ಯಾಪ್‌ಟಾಪ್ ಕೊಂಡಿದ್ದಾರೆ. ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿದ್ದ ಹಳೆಯ ಷೇರ್ ಈಗ ತೆರೆಯುತ್ತಿಲ್ಲವಂತೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ. ಗುರುತು ಹೇಳದ ಅತಿಥಿಯಾಗಿ ಜಾಲದ ಫೋಲ್ಡರಿಗೆ ಹೋಗುವುದನ್ನು ಮೈಕ್ರೊಸಾಫ್ಟ್ ಹಂತಹಂತವಾಗಿ ನಿಲ್ಲಿಸುತ್ತಾ ಬಂದಿದೆ. 2024ರ ವಿಂಡೋಸ್ 11 ಆವೃತ್ತಿಯಲ್ಲಿ ಪ್ರೊ ಬಳಕೆದಾರರಿಗೂ ಅದು ಬಂದ್ ಆಯಿತು. ಆ ತಡೆಯನ್ನು ತೆಗೆಯುವ ಉಪಾಯಗಳಿವೆ, ನಾನು ಹೇಳುವುದಿಲ್ಲ. ಮೇಲೆ ಹೇಳಿದಂತೆ ಖಾತೆ ತೆರೆಯಿರಿ.

ಜಗಳೂರಿನ ತಂದೆಯೊಬ್ಬರದು ವಿಚಿತ್ರ ಫಜೀತಿ. ಕೈಯಿಂದ ಕಾಪಿ ಮಾಡಿದರೆ ಹೋಗುತ್ತದೆ, ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಮಾತ್ರ ಸೋಲುತ್ತದೆ. ಹಗಲು ಕಾಪಿ ಮಾಡುವವರು ನೀವು. ರಾತ್ರಿ ಕೆಲಸ ಮಾಡುವುದು ಬಹುಶಃ ‘ಸಿಸ್ಟಮ್’ ಎಂಬ ಖಾತೆ. ಅದರ ಪರಿಚಯ ಆಚೆ ಕಂಪ್ಯೂಟರಿಗಿಲ್ಲ. ನಿಮಗೆ ಕಾಣುವ ‘ಝೆಡ್’ ಡ್ರೈವ್ ಕೂಡ ಅದಕ್ಕೆ ಕಾಣದು. ಬ್ಯಾಕಪ್ ತಂತ್ರಾಂಶದಲ್ಲಿ ಡ್ರೈವಿನ ಅಕ್ಷರದ ಬದಲು ಕಂಪ್ಯೂಟರಿನ ಹೆಸರು, ಫೋಲ್ಡರಿನ ಹೆಸರು ಸೇರಿಸಿ ಪೂರ್ತಿ ವಿಳಾಸ ಕೊಡಿ, ಬ್ಯಾಕಪ್ ಖಾತೆಯ ಹೆಸರು, ಪಾಸ್‌ವರ್ಡನ್ನೂ ಅಲ್ಲೇ ತುಂಬಿಸಿ. ಮರುದಿನ ಬೆಳಿಗ್ಗೆ ಆಚೆ ಕಂಪ್ಯೂಟರಿಗೆ ಹೋಗಿ ಮಗನ ಒಂದು ಕಡತ ತೆರೆದು ನೋಡಿ. ‘ಯಶಸ್ವಿ’ ಎಂಬ ಹಸಿರು ಗುರುತನ್ನಷ್ಟೇ ನಂಬಿ ಕೂರಬೇಡಿ.