ಇನ್ಸೆಂಟಿವ್ ಆಮೇಲೆ, ಪಿ.ಎಫ್. ಮೊದಲು

ನಮ್ಮ ಮಂಗಳೂರಿನ ಹುಡುಗಿಯರು ಡಿಗ್ರಿ ಮುಗಿಸಿ ಕನ್ಸಲ್ಟೆನ್ಸಿಗೆ, ಅಂದ್ರೆ ಬೇರೆ ಕಂಪೆನಿಗಳಿಗೆ ಜನ ಹುಡುಕಿ ಕೊಡುವ ಕೆಲಸಕ್ಕೆ, ಸೇರುವಾಗ ನಾವು ಕೇಳುದು ಒಂದೇ: "ಸಂಬಳ ಎಷ್ಟು?" ಅಷ್ಟು ಕೇಳಿದ್ರೆ ಸಾಲದು ಮಾರಾಯ್ರೆ.

ಆ ಕೆಲಸದಲ್ಲಿ ಖಾಯಂ ಸಂಬಳ ಸ್ವಲ್ಪ, ಆಸೆ ಎಲ್ಲ ಇನ್ಸೆಂಟಿವ್ ಮೇಲೆ. ಸೇರಿಸಿದ ಜನ ಮೂರು ತಿಂಗಳು ನಿಲ್ಲದಿದ್ರೆ ಅದೂ ಇಲ್ಲ ಅನ್ನುವ ಶರ್ತ ಸುಮಾರು ಕಡೆ ಉಂಟು. ಬೀಡಿ ಕಟ್ಟಿದವರಿಗೆ ಇದು ಹೊಸತಲ್ಲ. ಬ್ರಾಂಚಿನಲ್ಲಿ ತೆಗೆದು ಹಾಕಿದ ಬೀಡಿಗೆ ದುಡ್ಡುಂಟಾ? ಆದ್ರೆ ಮನೆಯಲ್ಲಿ ಕೂತು ಕಟ್ಟುವವರಿಗೂ ಪಿ.ಎಫ್. ಹಕ್ಕು ಉಂಟು ಅಂತ 1985ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಎ.ಸಿ. ಆಫೀಸಿನಲ್ಲಿ ಕೂರುವ ಮಗಳಿಗೆ ಅಷ್ಟೂ ಬೇಡ್ವಾ? 20 ಜನ ಇದ್ದಲ್ಲಿ ಪಿ.ಎಫ್. ಕಡ್ಡಾಯ. 10 ಜನ ಇದ್ದು, ತಿಂಗಳ ಸಂಬಳ 21,000 ರೂಪಾಯಿ ಒಳಗಾದ್ರೆ ಇ.ಎಸ್.ಐ. ಉಂಟಾ ಕೇಳ್ಬೇಕು. ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ ಕಾನೂನಿನಲ್ಲೇ ಉಂಟು. ಕಂಪೆನಿ ಕಟ್ಟುವ ಪಿ.ಎಫ್. ಪಾಲನ್ನೂ ಸಿ.ಟಿ.ಸಿ.ಗೆ ಸೇರಿಸಿ ಲೆಕ್ಕ ದೊಡ್ಡದು ಮಾಡ್ತಾರೆ, ಕೈಗೆ ಬರುದು ಎಷ್ಟು ಅಂತ ಬಿಡಿಸಿ ಕೇಳಿ.

ನೆಂಟರ ಎದುರು ಹೇಳ್ಲಿಕ್ಕೆ ಸಿ.ಟಿ.ಸಿ. ಚಂದ. ಹೆರಿಗೆಗೆ, ಕಾಯಿಲೆಗೆ ಆಗುದು ಕಾಗದದಲ್ಲಿ ಬರೆದು ಕೊಟ್ಟದ್ದು ಮಾತ್ರ.