ಮೇಷ್ಟ್ರೇ, ಆ ಫೋನಿನ ಮುಖ ಯಾವ ಕಡೆಗೆ?

ರೂಪಣಾತ್ಮಕ ಮೌಲ್ಯಮಾಪನ ಅನ್ನೋ ದೊಡ್ಡ ಮಾತು ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಎಫ್‌ಎ’ ಅನ್ನೋ ಎರಡಕ್ಷರವಾಗಿ ಕೂತಿದೆ. ಮೇಷ್ಟ್ರು ಅಂಕ ಹಾಕ್ತಾರೆ, ಸ್ಯಾಟ್ಸ್‌ಗೆ ಏರಿಸ್ತಾರೆ. ಅಂಕ ಬೆಂಗಳೂರಿಗೆ ಹೋಯಿತು. ಮಗುವಿಗೆ ಏನು ಬಂತು?

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳಿದ್ದು ಇದನ್ನಲ್ಲ. ಮಗುವನ್ನು ಭಯದಿಂದ ಬಿಡಿಸಿ, ಅದಕ್ಕೆ ಎಷ್ಟು ತಿಳಿದಿದೆ ಅಂತ ನಿರಂತರವಾಗಿ ನೋಡಿ ಅಂತ. ಎಲ್ಲಿ ಎಡವಿತೋ ನೋಡಿ ನಾಳೆಯ ಪಾಠ ತಿದ್ದಿಕೊಳ್ಳೋದು, ಅಷ್ಟೇ.

ಈಗ ಇದಕ್ಕೂ ಯಂತ್ರ ಬಂದಿದೆ. ಪ್ಲಿಕರ್ಸ್ ಅಂತ ಒಂದು. ಮಕ್ಕಳಿಗೆ ಫೋನು ಬೇಕಿಲ್ಲ. ಪ್ರತಿ ಮಗುವಿನ ಕೈಗೂ ಕಪ್ಪು-ಬಿಳುಪಿನ ಒಂದು ಕಾಗದದ ಕಾರ್ಡು; ನಾಲ್ಕು ಮಗ್ಗುಲು, ನಾಲ್ಕು ಉತ್ತರ. ಸರಿ ಅನ್ನಿಸಿದ ಮಗ್ಗುಲನ್ನ ಮೇಲೆ ಮಾಡಿ ಹಿಡಿದರೆ ಮೇಷ್ಟ್ರ ಒಂದೇ ಫೋನು ಎಲ್ಲವನ್ನೂ ಓದುತ್ತೆ. (ಆ ಫೋನು ಯಾರ ದುಡ್ಡಿನದು ಅನ್ನೋದನ್ನ ಇಲಾಖೆ ಕೇಳಿಕೊಳ್ಳಲಿ.)

‘ನಮ್ಮ ಹಳ್ಳಿ ಮಕ್ಕಳಿಗೆ ಇದೆಲ್ಲ ಯಾಕ್ರೀ’ ಅಂತ ಮೂಗು ಮುರಿಯೋರಿದ್ದಾರೆ. ತಮ್ಮ ಮಕ್ಕಳನ್ನ ಪೇಟೆಯ ಕಾನ್ವೆಂಟಿಗೆ ಹಾಕಿದವರೇ ಹೆಚ್ಚು. ‘ಯಾರು ಹೇಳ್ತೀರಿ?’ ಅಂದಾಗ ಮೇಲೇಳೋ ಕೈಗಳು ಯಾರವು ಅಂತ ಇವರು ಎಂದಾದರೂ ನೋಡಿದ್ದಾರಾ? ಮನೆಯಿಂದ ಹೊತ್ತು ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತ ಬಾಲಕ ಅಂಬೇಡ್ಕರರಿಂದ ಹಿಡಿದು ಹಿಂದಿನ ಸಾಲಲ್ಲಿ ಮುದುರಿ ಕೂತ ಇವತ್ತಿನ ಕೇರಿ ಐಕಳವರೆಗೆ, ಯಾರೂ ಕೇಳದೇ ಉಳಿದ ಉತ್ತರಗಳೆಷ್ಟು! ಕಾರ್ಡು ಹಿಡಿದ ಮಗು ಬಾಯಿ ಬಿಡದೆ ಉತ್ತರ ಕೊಡ್ತದೆ. ನಗೋರಿಲ್ಲ. 1998ರಲ್ಲೇ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್, ಡಿಲನ್ ವಿಲಿಯಂ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಇಂಥ ಮೌಲ್ಯಮಾಪನದಿಂದ ಹೆಚ್ಚು ಮೇಲೇಳೋದು ಹಿಂದೆ ಬಿದ್ದ ಮಕ್ಕಳೇ ಅಂತ ಹೇಳಿದ್ದರು.

ಆದರೆ ಫೋನು ‘ತಪ್ಪು’ ಅನ್ನುತ್ತೆ. ಯಾಕೆ ತಪ್ಪು ಅನ್ನಲ್ಲ. ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಅಂತ ಅರ್ಧ ತರಗತಿ ಕಾರ್ಡು ಎತ್ತಿದರೆ ಅದು ದಡ್ಡತನವಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ಗೊತ್ತಿರೋ ಬುದ್ಧಿ ಅದು. ಅಲ್ಲೇ ಫೋನು ಜೇಬಿಗಿಡಿ. ಒಂದು ಮುದ್ದೆಯನ್ನ ಮೂರು ಜನ ಹಂಚಿಕೊಂಡಾಗ ಪಾಲು ದೊಡ್ಡದೋ, ನಾಲ್ಕು ಜನ ಹಂಚಿಕೊಂಡಾಗಲೋ ಕೇಳಿ. ಈ ಲೆಕ್ಕ ಕೇರಿ ಮಗುವಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಇದು ಬಿಟ್ಟು ಹೆಸರು ಸಮೇತ ಪಟ್ಟಿಯನ್ನ ಗೋಡೆ ಮೇಲೆ ಬೆಳಗಿಸಿ, ಫೋಟೋ ತೆಗೆದು ಸಾಹೇಬರಿಗೆ ಕಳಿಸಿದರೆ ಅದು ಹಳೇ ಬೆತ್ತವೇ. ಬೆತ್ತಕ್ಕೆ ಚಾರ್ಜು ಬೇಕಿರಲಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಯಂತ್ರ ಇರಲಿಲ್ಲ. ಕಲಿಕೆಯ ಏಣಿಯಲ್ಲಿ ತಾನು ಎಷ್ಟನೇ ಮೆಟ್ಟಿಲಲ್ಲಿದ್ದೀನಿ ಅಂತ ಮಗು ತಾನೇ ನೋಡ್ಕೊಳ್ತಿತ್ತು. ಲೆಕ್ಕದ ಮುಖ ಮಗುವಿನ ಕಡೆಗಿತ್ತು.

ಮುಂದಿನ ಎಫ್‌ಎ ಬಂದಾಗ ಅಂಕ ಏರಿಸೋ ಮುಂಚೆ ಹಿಂದಿನ ಸಾಲಿನ ಒಂದು ಮಗುವನ್ನ ಹತ್ತಿರ ಕರೀರಿ. ಅದರ ತಪ್ಪು ಉತ್ತರ ಅದಕ್ಕೇ ತೋರಿಸಿ. ‘ಇದನ್ನ ಹೆಂಗೆ ಮಾಡ್ದೆ, ಹೇಳು ಮಗ’ ಅಂತ ಕೇಳಿ.